ಅಕ್ಕಾರು ತೋರಿಸಿದ ಜಾಗ

ಅಳುವುದಾದರೆ ಅಳಲಿ, ನೀವು ಮಾತ್ರ ರೆಕಾರ್ಡಿಂಗ್ ನಿಲ್ಲಿಸಬೇಡಿ ಎಂದು ಅನೀಲಕುಮಾರ ಸರ್ ಹೇಳಿ ಕಳಿಸಿದ್ದರು. ಹೇಳುವಾಗ ಅವರ ದನಿ ಕಟುವಾಗಿಯೇನೂ ಇರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ, ಕಾಲೇಜಿನ ಡ್ರೋನ್ ಪ್ರಯೋಗಕ್ಕೆ ಮುಂದಿನ ವರ್ಷವೂ ಮಂಜೂರಿ ಸಿಗಬೇಕಾದರೆ ಒಬ್ಬ ಖರೇ ಮನುಷ್ಯನ ಮುಖ ಬೇಕು, ನಕ್ಷೆ ಅಂಕಿ ಯಾರು ನೋಡುತ್ತಾರೆ ಎಂದಿದ್ದರು. ಆಮ್ರಪಾಲಿ ಹೂಂ ಎಂದಿದ್ದಳು. ಈಗ ಜೀಪು ಕೌಠಾದ ಸೇತುವೆ ದಾಟುತ್ತಿರುವಾಗ, ಕೆಳಗೆ ಮಾಂಜ್ರಾ ಏನೂ ಆಗಿಯೇ ಇಲ್ಲವೆಂಬಂತೆ ತನ್ನ ಪಾತ್ರದ ಒಂದು ಬದಿಗೆ ಸರಿದು ಹರಿಯುವುದನ್ನು ನೋಡುತ್ತ, ಆ ಹೂಂ ಅನ್ನಬಾರದಿತ್ತು ಅನ್ನಿಸಿತು. ಸೇತುವೆಯ ಕಂಬಿಗಳಿಗೆ ನೆರೆ ತಂದ ಕಸ, ಹರಿದ ಸೀರೆಯ ಚೂರು, ತೊಗರಿಯ ಗಿಡ ಒಣಗಿ ಸಿಕ್ಕಿಕೊಂಡಿದ್ದವು. ತಾವು ಈಗ ನೋಡಲು ಹೊರಟ ಕುರುಬನ ಅವ್ವ ತೀರಿದ ದಿನ ಬೆಳಿಗ್ಗೆಯೇ ಈ ಸೇತುವೆ ತೆರೆದಿತ್ತು. ಅದನ್ನು ಅವಳು ಆಮೇಲೆ ವಿಚಾರಿಸಿ ತಿಳಿದುಕೊಂಡಿದ್ದಳು. ವಿಚಾರಿಸದೆ ಇದ್ದಿದ್ದರೆ ರಸ್ತೆ ಬಂದ್ ಆಗಿತ್ತು, ಫೋನು ಬಂದಿದ್ದರೂ ಅವನು ಹೋಗಲು ಆಗುತ್ತಿರಲಿಲ್ಲ ಎಂದು ನಂಬಿಕೊಂಡು ಇರಬಹುದಿತ್ತು. ತಿಳಿದುಕೊಳ್ಳುವ ಈ ಚಟವೊಂದು ಯಾಕಾದರೂ ಅಂಟಿತೋ.

"ಮೇಡಂ, ಔರಾದದಾಗ ಚಹಾ ಕುಡ್ಯೂನೇನ್ರಿ?" ಸ್ಟೇರಿಂಗ್ ಹಿಡಿದಿದ್ದ ಉಮೇರ ಕೇಳಿದ.

"ಬ್ಯಾಡ. ಚಿಂತಾಕಿಗೇ ಹೋಗೂನು."

"ಅವ್ರ ಮನ್ಯಾಗ ಚಹಾ ಕೊಡ್ತಾರಂತ ಭರೋಸಾ ಏನದ್ರಿ? ಅವ್ವ ತೀರಿದ ಮನಿ."

ಅವನು ನಗಿಸಲೆಂದೇ ಹೇಳಿದ್ದ. ಬೀದರಿನ ಹಳೆ ಶಹರದ ಉಮೇರ ಚಿಕ್ಕಂದಿನಿಂದ ಗಾಳಿಪಟ, ಅವನ ಬಾಯಲ್ಲಿ ಪತಂಗ, ಹಾರಿಸುತ್ತ ಬೆಳೆದವನು, ಈಗ ಕಾಲೇಜಿನ ಡ್ರೋನ್ ಹಾರಿಸುತ್ತಿದ್ದ. ಮಳೆಯಲ್ಲಿ ಹಲಬರ್ಗಾದ ಸುತ್ತಿನ ಮೊಬೈಲ್ ಟಾವರು ಬಂದ್ ಬಿದ್ದಾಗ ಜೀಪಿನ ಬೆನ್ನಿನಿಂದ ಡ್ರೋನನ್ನು ಮೇಲಕ್ಕೆ ಕಳಿಸಿದ್ದವನು ಅವನೇ. ಜನ ಮದುವೆಯ ವಿಡಿಯೋ ತೆಗೆಯುವ ಯಂತ್ರವೆಂದುಕೊಂಡು ಯಾರ ಲಗ್ನ ಎಂದು ಕೇಳಿದ್ದರು. ಲಗ್ನ ಅಲ್ರೀ, ಟಾವರ್‌ಗೆ ರೆಕ್ಕಿ ಹಚ್ಚೀವಿ, ಫೋನ್ ಹಚ್ಚಿ ನೋಡ್ರಿ ಎಂದು ಉಮೇರ ಕೂಗಿ ಹೇಳಿದ್ದ. ಡ್ರೋನಿನ ಹೊಟ್ಟೆಯಿಂದ ಕೆಳಗಿನ ಜೀಪಿನವರೆಗೆ ಒಂದು ಕಪ್ಪು ವಾಯರು. ಅದರ ಮೂಲಕವೇ ಕರೆಂಟು ಹೋಗಬೇಕು. ಅದಕ್ಕೇ ಯಂತ್ರ ದಿನವಿಡೀ ಮೇಲೆ ನಿಲ್ಲಬಲ್ಲದು, ಆದರೆ ಜೀಪಿದ್ದಲ್ಲಿ ಮಾತ್ರ. ಪತಂಗದ ಮಾಂಜಾ ಕಡದ್ರ ಪತಂಗ ಹೋಗ್ತದ, ಇದು ಕಡದ್ರ ನನ್ನ ನೌಕರಿ ಹೋಗ್ತದ ಎನ್ನುತ್ತಿದ್ದ. ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದು ಮಾತ್ರ ಅವನ ಕೆಲಸವಲ್ಲ. ಅದು ಆಮ್ರಪಾಲಿಯ ಕೆಲಸ. ಅವಳ ಲ್ಯಾಪ್‌ಟಾಪಿನಲ್ಲಿ ಊರಿನ ನಕ್ಷೆ ತೆರೆದುಕೊಳ್ಳುತ್ತಿತ್ತು. ಸಿಗ್ನಲ್ ಮುಟ್ಟಿದ ಒಂದೊಂದು ಫೋನೂ ಒಂದೊಂದು ಹಸಿರು ಚುಕ್ಕೆಯಾಗಿ ಹತ್ತಿಕೊಳ್ಳುತ್ತಿತ್ತು. ಮನುಷ್ಯರನ್ನು ಇಷ್ಟು ಮೇಲಿನಿಂದ, ಇಷ್ಟು ಚೊಕ್ಕವಾಗಿ ನೋಡುವುದರಲ್ಲಿ ಒಂದು ಸುಖವಿತ್ತು. ಆ ಸುಖವನ್ನೂ ಈಗ ಅವಳು ತನ್ನ ತಪ್ಪಿನ ಜೊತೆಗೇ ಸೇರಿಸಿ ಇಟ್ಟಿದ್ದಳು.

ಹಲಬರ್ಗಾ ಅವಳ ಊರು. ಅದನ್ನು ಅವಳು ಸರ್‌ಗೆ ಹೇಳಿರಲಿಲ್ಲ, ಸರ್ ಕೇಳಿರಲೂ ಇಲ್ಲ. ಡ್ರೋನು ಶಾಲೆಯ ಮೈದಾನದಿಂದ ಏಳಬೇಕೆಂದು ಆದೇಶವಿತ್ತು. ಯಂತ್ರ ಸಣ್ಣದು, ಅದರ ಬಲ ಒಂದು ಊರಿನಷ್ಟು. ಮೈದಾನದಿಂದ ಎದ್ದರೆ ಪೇಟೆ, ಮೇಲಿನ ಓಣಿಗಳು, ಆಚೆಯ ಹೊಲಗಳು ಎಲ್ಲಕ್ಕೂ ಮುಟ್ಟುತ್ತಿತ್ತು. ದಿಬ್ಬದ ಕೆಳಗೆ ಹಳ್ಳದ ಪಕ್ಕ ಇರುವ ತಮ್ಮ ದಲಿತ ಕೇರಿಗೆ ಮಾತ್ರ ಸರಿಯಾಗಿ ಮುಟ್ಟುತ್ತಿರಲಿಲ್ಲ. ಮೊದಲ ದಿನವೇ ಆ ಹೊಲಗಳ ಕಡೆಯಿಂದ ಒಬ್ಬ ಬಂದಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಾಲಿನ ಪಾಕೀಟಿನ ಖಾಲಿ ಚೀಲದಲ್ಲಿ ಸುತ್ತಿದ ಫೋನು. ಔರಾದ ಕಡೆಯ ಚಿಂತಾಕಿಯವನಂತೆ, ಹೆಸರು ಹಣಮಂತಪ್ಪ. ಗೊಬ್ಬರಕ್ಕೆಂದು ಯಾರದೋ ಹೊಲದಲ್ಲಿ ಕುರಿ ತರುಬಿದ್ದ. "ಅಕ್ಕಾರ, ನಮ್ಮವ್ವ ಊರಾಗ ಹಾಸಿಗಿ ಹಿಡದಾಳ್ರಿ. ಜಾಸ್ತಿ ಆದ್ರ ಫೋನ್ ಮಾಡ್ತೇನಿ, ತಟಕ್ನ ಬಾ ಅಂದಾನ ಅಣ್ಣ. ಕುರಿ ಜೋಡಿದಾರ ನೋಡ್ಕೋತಾನ. ನಿಮ್ಮ ಈ ಹದ್ದಿನ ನೆರಳು ನಮ್ಮ ತನಕ ಬೀಳ್ತದೇನ್ರಿ?" ಎಂದು ಮೇಲೆ ನೋಡುತ್ತ ಕೇಳಿದ್ದ. ಹದ್ದಿನ ನೆರಳು ಎಂಬ ಮಾತು ಅವಳಿಗೆ ಬಹಳ ಹಿಡಿಸಿತು. ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ಅವನ ಹಿಂದೆಯೇ ಕರಿಮಣ್ಣು ತುಳಿಯುತ್ತ ಹೊಲಕ್ಕೆ ಹೋಗಿ, ಅವನ ಫೋನು ಹಿಡಿದು ಅಲ್ಲಿ ಇಲ್ಲಿ ಅಡ್ಡಾಡಿ, ಒಂದು ಬೇವಿನ ಗಿಡದ ಕೆಳಗೆ ನಿಂತಿದ್ದಳು. "ಇಲ್ಲಿ ನಿಂದರ್ರಿ. ಇಲ್ಲಿ ಬರೊಬ್ಬರಿ ಬರ್ತದ. ಈ ಜಾಗಾ ಬಿಟ್ಟು ಹೋಗಬ್ಯಾಡ್ರಿ." ಅವನು ತಲೆಯಾಡಿಸಿ, ಒಂದು ಕಲ್ಲು ಹುಡುಕಿ ತಂದು ಅವಳು ನಿಂತ ಜಾಗದಲ್ಲಿ ಇಟ್ಟ. ಇಟ್ಟ ರೀತಿ ಹೊಲದ ಅಂಚಿನಲ್ಲಿ ದೇವರನ್ನು ಇಟ್ಟ ಹಾಗಿತ್ತು.

"ಸಂತಪುರ ಬಂತ್ರಿ," ಎಂದ ಉಮೇರ. ರಸ್ತೆಯ ಪಕ್ಕ ಸೋಯಾ ರಾಶಿ ಹಾಕಿಕೊಂಡು ಹೆಂಗಸರು ಕೂತಿದ್ದರು. ಅವರಲ್ಲೊಬ್ಬಳು ತನ್ನ ಅವ್ವನ ಹಾಗೆ ಕಂಡಳು. ಅವ್ವ ಕೌಸಲ್ಯಾಬಾಯಿ ಡ್ರೋನು ಹಾರಿಸಿದ ಎರಡನೆಯ ದಿನ ಬುದ್ಧ ವಿಹಾರದ ಕಟ್ಟೆ ಹತ್ತಿ ನಿಂತು ಫೋನು ಮಾಡಿದ್ದಳು. ಕೇರಿಗೆಲ್ಲ ಆ ಕಟ್ಟೆಯ ಮೇಲಷ್ಟೇ ಸಿಗ್ನಲ್ಲು. ಮೊಣಕಾಲು ನೋವಿನ ಹೆಂಗಸು, ಏದುಸಿರು ಬಿಡುತ್ತ, "ಸಾಲಿ ಮ್ಯಾಲ ನಿಂತದಂತಲ್ಲ ಆಮ್ರಾ ನಿನ್ನ ಡ್ರೋನು? ಇರ್ಲಿ ಬಿಡು. ನಳಾ ಬಂದಾಗೂ ಮೊದಲ ಅಲ್ಲೇ ಬಂದಿತ್ತು," ಎಂದಳು. ಬೈಗುಳವಲ್ಲ, ದೂರೂ ಅಲ್ಲ. ಆ 'ಬಿಡು' ಎಂಬ ಒಂದು ಮಾತು ಆಮ್ರಪಾಲಿಯ ಬೆನ್ನಿಗೆ ಬಿತ್ತು. ಅವಳು ನೇರ ಉಮೇರನ ಬಳಿ ಹೋಗಿ, ಇಳಿಸು, ಕೆಳಗಿನ ಕೇರಿಯ ಬಯಲಿಗೆ ಹೋಗೋಣ ಎಂದಳು. ಸಾಲಿ ಮೈದಾನಂತ ಆರ್ಡರ್ ಅದಲ್ರಿ ಮೇಡಂ ಎಂದ ಅವನು. ಅಲ್ಲಿಂದ ಪೇಟೆಗೂ ಮುಟ್ತದ, ಜನ ಹೆಚ್ಚು ಆಗ್ತಾರ, ಲೆಕ್ಕ ಹಂಗೇ ಹೇಳ್ತದ ಎಂದಳು. ಲೆಕ್ಕವನ್ನು ಅವಳು ಆಗ ನೋಡಿರಲಿಲ್ಲ. ಆಮೇಲೆ ನೋಡಿದಾಗ ಲೆಕ್ಕವೂ ಅದನ್ನೇ ಹೇಳಿತು. ಆದರೆ ಮೊದಲು ಬಾಯಿಂದ ಬಂದದ್ದು ಯಾವುದು, ಲೆಕ್ಕವೋ ಅವ್ವನೋ, ಅದು ಅವಳೊಬ್ಬಳಿಗೇ ಗೊತ್ತು.

ಡ್ರೋನು ಕೇರಿಯ ಮೇಲೆ ಎದ್ದಾಗ ನಕ್ಷೆಯ ಕೆಳಮೂಲೆಯಲ್ಲಿ ಚುಕ್ಕೆಗಳು ದೀಪದಂತೆ ಒಂದಾದ ಮೇಲೊಂದು ಹತ್ತಿದವು. ಅವಳ ಕಣ್ಣು ತೇವವಾದದ್ದು ಖರೆ. ಅದೇ ಹೊತ್ತಿಗೆ ನಕ್ಷೆಯ ಇನ್ನೊಂದು ಅಂಚಿನಲ್ಲಿ, ದಿಬ್ಬದಾಚೆ, ಒಂದು ಚುಕ್ಕೆ ಕ್ಷೀಣವಾಗಿ ಮಿಣುಕಿ ಆರಿತು. ಅವಳು ಅದನ್ನು ನೋಡಿದಳು. ನೋಡಲಿಲ್ಲ ಎಂದು ಎಷ್ಟು ಸಲ ಹೇಳಿಕೊಂಡರೂ ನೋಡಿದ್ದಳು. ಇದು ಆ ಬೇವಿನ ಗಿಡ ಎಂದು ಗೊತ್ತಾಗಿತ್ತು, ಗೊತ್ತಾದದ್ದನ್ನು ಒಂದು ಕೈಯಿಂದ ಬದಿಗೆ ಸರಿಸಿದ್ದಳು, ಊಟದ ತಾಟಿನಿಂದ ಮೆಣಸಿನಕಾಯಿ ಸರಿಸುವ ಹಾಗೆ. ಇಷ್ಟು ಜನರಿಗೆ ಒಬ್ಬ. ಅಷ್ಟರಲ್ಲಿ ಅವ್ವ ಮನೆಯೊಳಗಿಂದಲೇ, ಹೊರಸಿನ ಮೇಲೆ ಕೂತು ಫೋನು ಮಾಡಿದಳು. ಹೆಸರುಕಾಳು ಒಣಹಾಕಿದ್ದು ಮಳೆಗೆ ನೆನೆದು ಮೊಳಕೆ ಬಂದ ಕಥೆ ಹೇಳಿದಳು. ಆ ಮೊಳಕೆಯ ಉಸುಳಿ ಮಾಡೀನಿ, ಬಂದು ಉಂಡು ಹೋಗು ಎಂದಳು. ನಡುವೆ ಫೋನು ಹಿಡಿದುಕೊಂಡೇ ಹೊರಗೆ ಬಂದು, "ಮ್ಯಾಲ ನೋಡ್ರೇ, ನನ್ನ ಮಗಳು ನಿಂದರಿಸ್ಯಾಳ, ನಮ್ಮ ಮ್ಯಾಲ!" ಎಂದು ಓಣಿಗೆಲ್ಲ ಕೂಗಿದ್ದು ಕೇಳಿಸಿತು. ಆ ಕೂಗು ನಿಂತೇ ಇಲ್ಲ. ಈಗಲೂ ಬಂದವರಿಗೆಲ್ಲ ಅವ್ವ ಬೆರಳೆತ್ತಿ ಆಕಾಶದ ಆ ಖಾಲಿ ಜಾಗ ತೋರಿಸುತ್ತಾಳೆ, ಇಲ್ಲೇ ನಿಂತಿತ್ತು ಎಂದು.

ಸಂಜೆ ಯಂತ್ರ ಸಾಲಿಯ ಮೈದಾನಕ್ಕೆ ವಾಪಸು ಹೋದದ್ದು ಅವಳ ಮನಸ್ಸು ಕರಗಿ ಅಲ್ಲ. ಸಾಹೇಬರು ಬರುತ್ತಾರೆ, ಮೈದಾನದಲ್ಲೇ ಇರಲಿ ಎಂದು ಸರ್ ಫೋನು ಮಾಡಿದ್ದರು. ಮರುದಿನ ಹೊಲಕ್ಕೆ ಹೋದರೆ ಗಿಡದ ಕೆಳಗೆ ಕಲ್ಲಷ್ಟೇ ಇತ್ತು. ಕುರಿ ಕಾಯುತ್ತಿದ್ದ ಜೋಡಿದಾರ ಹೇಳಿದ: ಅವನವ್ವ ಹೋದಳ್ರಿ, ನಿನ್ನೆ ಸಂಜೀಕ ಫೋನ್ ಬಂತು. ಆಮೇಲೆ ಸುದ್ದಿ ಹೇಗೋ ಕಾಲೇಜಿಗೆ ತಲುಪಿತು: ನಮ್ಮ ಡ್ರೋನಿನಿಂದ ಒಬ್ಬ ಕುರುಬನಿಗೆ ತಾಯಿಯ ಸಾವಿನ ಸುದ್ದಿ ಮುಟ್ಟಿತು. ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ ಎಂದರು ಸರ್.

ಹಣಮಂತಪ್ಪನ ಮನೆ ಚಿಂತಾಕಿಯ ಕೊನೆಯ ಓಣಿಯಲ್ಲಿತ್ತು. ಅವನು ತಲೆ ಬೋಳಿಸಿಕೊಂಡಿದ್ದ, ಅದರ ಮೇಲೆ ಈಗಷ್ಟೇ ಕೂದಲು ಚಿಗುರುತ್ತಿತ್ತು. ಅವಳನ್ನು ನೋಡಿದ್ದೇ ಕಂಬಳಿ ಹಾಸಿ, "ಬರ್ರಿ ಅಕ್ಕಾರ, ಬರ್ರಿ. ಇವ್ರೇ ನೋಡು," ಎಂದು ಹೆಂಡತಿಗೆ ಹೇಳಿದ. ಅಂಜನಾಬಾಯಿ ಬಾಗಿಲಲ್ಲಿ ನಿಂತು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾವೂರಿನವ್ರಾದ್ರಿ? ಯಾರ ಪೈಕಿ ಆಗ್ತೀರಿ?"

"ಹಲಬರ್ಗಾ. ಬೌದ್ಧರ ಪೈಕಿ."

"ಹಾಂ," ಎಂದು ಅಂಜನಾಬಾಯಿ ಒಳಗೆ ಹೋದಳು. ಆ ಹಾಂ ಎಷ್ಟು ಉದ್ದವಿತ್ತು ಎಂದು ಆಮ್ರಪಾಲಿ ಅಳೆಯತೊಡಗಿದಳು. ಒಳಗೆ ಪಾತ್ರೆಗಳ ಸದ್ದಿಗೆ ಕಿವಿಗೊಟ್ಟಳು. ಚಹಾ ಯಾವುದರಲ್ಲಿ ಬರುತ್ತದೆ? ಕಾಗದದ ಕಪ್ಪಿನಲ್ಲೋ, ಮೂಲೆಯಲ್ಲಿ ಬೇರೆ ಇಟ್ಟ ಗ್ಲಾಸಿನಲ್ಲೋ? ಹಾಗೆ ಬೇರೆಯದರಲ್ಲೇ ಬರಲಿ ಎಂದು ಬಯಸುತ್ತಿದ್ದೇನೆ ಎಂದು ಒಮ್ಮೆಲೆ ಗೊತ್ತಾಯಿತು. ಹಾಗೆ ಬಂದರೆ ಒಂದು ಸಿಟ್ಟು ಬರುತ್ತದೆ, ಆ ಸಿಟ್ಟಿನ ಹಿಂದೆ ಅಡಗಿಕೊಳ್ಳಬಹುದು. ಇವರಿಗೆ ತಾನು ಏನೂ ಕೊಡಬೇಕಾದದ್ದಿಲ್ಲ ಎಂದು ಎದ್ದು ಹೋಗಬಹುದು. ಚಹಾ ಬಂತು. ಗಂಡನಿಗೆ, ಉಮೇರನಿಗೆ, ಅವಳಿಗೆ, ಒಂದೇ ತರದ ಸ್ಟೀಲಿನ ಬಟ್ಟಲುಗಳು, ಅವಳದರಲ್ಲಿ ಹಾಲು ಜರಾ ಹೆಚ್ಚೇ. ಅವಳು ಬಟ್ಟಲನ್ನು ಎರಡೂ ಕೈಯಿಂದ ಹಿಡಿದು ತಲೆ ತಗ್ಗಿಸಿದಳು.

ಅಂಗಳದ ಮೂಲೆಯಲ್ಲಿ ಒಂದು ಕುರಿಮರಿಯನ್ನು ಗೂಟಕ್ಕೆ ಕಟ್ಟಿತ್ತು. ಉಳಿದ ಮರಿಗಳೆಲ್ಲ ತಾಯಂದಿರ ಜೊತೆ ಹಟ್ಟಿಯಲ್ಲಿದ್ದರೆ ಇದೊಂದೇ ಹೊರಗೆ, ಹಗ್ಗ ಜಗ್ಗಿ ಜಗ್ಗಿ ಒದರುತ್ತಿತ್ತು.

ಉಮೇರ ಫೋನು ಎತ್ತಿ ಹಿಡಿದು ಕೈ ಬೀಸಿದ. ಹಣಮಂತಪ್ಪ ಸಾಲಿಯಲ್ಲಿ ಪದ್ಯ ಒಪ್ಪಿಸುವವನಂತೆ ಎದ್ದು ನಿಂತ. "ನಾ ಹಣಮಂತಪ್ಪ, ಚಿಂತಾಕಿ. ಮಳೀ ದಿನದಾಗ ಫೋನೆಲ್ಲ ಬಂದ್ ಆಗಿದ್ವು. ಇವ್ರು, ಅಕ್ಕಾರು, ಮಶೀನ್ ಹಾರಿಸಿದ್ರು. ನನ್ನ ಜೋಡಿ ಹೊಲಕ್ಕ ಬಂದು, ಇಲ್ಲಿ ನಿಂದರು ಅಂತ ಜಾಗಾ ತೋರ್ಸಿದ್ರು. ಅಷ್ಟು ಓದಿದವ್ರು, ಕೆಸರು ತುಳ್ಕೋತ ಬಂದ್ರು. ನಾ ಅಲ್ಲೇ ನಿಂತಿದ್ನಿ. ಅಲ್ಲೇ ಉಂಡ್ನಿ, ಅಲ್ಲೇ ಮಲಗಿದ್ನಿ. ಫೋನ್ ಬಂತ್ರಿ. ಅವ್ವನ ಮಣ್ಣಿಗಾದ್ರೂ ಹೋದ್ನಿ. ಅವ್ರ ಹೊಟ್ಟಿ ತಣ್ಣಗಿರ್ಲಿ." ಕೈ ಮುಗಿದ. ಅವನು ಅಳಲಿಲ್ಲ.

"ಮಣ್ಣಿಗಾದ್ರೂ ಹೋದ," ಎಂದಳು ಅಂಜನಾಬಾಯಿ ಬಾಗಿಲಿಂದ. "ನೀರಿಗೆ ಬರ್ಲಿಲ್ಲ. ಅದೂ ಹೇಳು."

"ಸುಮ್ಮಕಿರು."

"ಯಾಕ ಸುಮ್ಮಕಿರ್ಲಿ? ಮುದುಕಿ ಮಧ್ಯಾನ್ಹ ಪೂರ್ತಿ, ಹಣಮಾ ಬಂದನೇನು, ಹಣಮಾ ಬಂದನೇನು ಅಂದ್ಲು. ಬಾಯಾಗ ನೀರು ಬಿಟ್ರ ಹೊರಗ ಉಗುಳ್ತಿದ್ಲು, ಕಡೀ ಮಗನ ಕೈಯಿಂದೇ ಬೇಕಂತ. ನಿಮ್ಮಣ್ಣ ಫೋನ್ ಹಚ್ಚಿ ಹಚ್ಚಿ ಸಾಕಾದ. ವ್ಯಾಪ್ತಿ ಪ್ರದೇಶದಾಗ ಇಲ್ಲಂತ ಆ ಫೋನಿನ ಹೆಣ್ಮಗಳು ಅಂದದ್ದೇ ಅಂದ್ಲು. ಇವನು ಎಲ್ಲಿದ್ದ ಕೇಳ್ರಿ? ಅಕಾ ನೋಡ್ರಿ, ಅದರ ಹಿಂದ ಹೋಗಿದ್ದ." ಅವಳು ಗದ್ದದಿಂದ ಅಂಗಳದ ಮರಿಯನ್ನು ತೋರಿಸಿದಳು.

ಉಮೇರ ಫೋನು ಇಳಿಸಿದ. ಹಣಮಂತಪ್ಪ ಕಂಬಳಿಯ ಮೇಲೆ ಕೂತ. ಆಮೇಲೆ ಅವನು ಹೇಳಿದ್ದು ರೆಕಾರ್ಡಿಂಗಿಗೆ ಅಲ್ಲ, ತನ್ನ ಮೊಣಕಾಲುಗಳಿಗೆ. ಆ ಮರಿ ಹಳ್ಳದ ಕಡೆ ಓಡಿತಂತೆ. ಹಿಡಿದು ತರಲು ಹೋದನಂತೆ, ಫೋನು ಕಿಸೆಯಲ್ಲೇ ಇತ್ತಂತೆ. ತಿರುಗಿ ಬಂದು ಮತ್ತೆ ಅದೇ ಕಲ್ಲಿನ ಹತ್ತಿರ ನಿಂತನಂತೆ, ಆದರೆ ಒಮ್ಮೆ ಬಿಟ್ಟ ಜಾಗ ಮತ್ತೆ ಕೂಡಿಕೊಳ್ಳಲು ಸಂಜೆಯಾಯಿತಂತೆ. "ಅಕ್ಕಾರು ಬಿಟ್ಟು ಹೋಗಬ್ಯಾಡಂದಿದ್ರು. ನಾ ಬಿಟ್ಟು ಹೋದ್ನಿ. ಅಣ್ಣ ಇನ್ನಾ ಮಾತಾಡ್ಸಂಗಿಲ್ರಿ. ಆ ಮರಿ ನನಗ ನೋಡ್ಲಿಕ್ಕೂ ಆಗಂಗಿಲ್ಲ." ಮುಖವೆತ್ತಿದ. "ಒಂದು ಕೇಳ್ತೇನಿ, ಓದಿದವ್ರಿದ್ದೀರಿ. ಅಷ್ಟೊತ್ತು ಬಿಟ್ಟಿದ್ದಕ್ಕೇ ತಪ್ಪಿತೇನ್ರಿ?"

ಇಷ್ಟು ದಿನ ಅವಳು ಹೊತ್ತಿದ್ದು ತನ್ನ ತಪ್ಪೆಂದುಕೊಂಡಿದ್ದಳು. ಅದು ಅವಳ ಬಳಿ ಇರಲೇ ಇಲ್ಲ. ಇಲ್ಲಿ, ಈ ಮನೆಯಲ್ಲಿ, ಈ ಬೋಳು ತಲೆಯ ಮೇಲೆ ಕೂತಿತ್ತು, ಗೂಟಕ್ಕೆ ಕಟ್ಟಿ ಒದರುತ್ತಿತ್ತು. ಎಲ್ಲರೂ ಅದಕ್ಕೆ ಒಂದು ಜಾಗ ಮಾಡಿಕೊಟ್ಟಿದ್ದರು. ಒಂದು ಖರೇ ಮಾತು ಹೇಳಿದರೆ ಅವನ ಭಾರ ಇಳಿಯುತ್ತಿತ್ತು. ಆ ಮಾತು ಹೊರಗೆ ಬಿದ್ದ ಮೇಲೆ ಊರೂರು ತಿರುಗಿ ಕೊನೆಗೆ ಏನಾಗಿ ನಿಲ್ಲುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಅವರ ಕೈಗೆ ಕೊಟ್ರ ಹಿಂಗೇ ನೋಡ್ರಿ, ತಮ್ಮ ಕೇರಿಗೇ ಒಯ್ತಾರ ಎನ್ನುತ್ತಾರೆ ಜನ. ನಾಳೆ ಅವ್ವ ಬೆರಳೆತ್ತಿ ಆಕಾಶ ತೋರಿಸಿದರೆ ಎದುರಿನವರು ಏನು ನೋಡುತ್ತಾರೆ? "ಇಲ್ರಿ," ಎಂದಳು. "ನಿಮ್ಮಿಂದ ತಪ್ಪಿದ್ದಲ್ಲ. ಅವತ್ತು ಮಶೀನೇ ಕೆಟ್ಟಿತ್ತು."

ಉಮೇರ ಅವಳ ಕಡೆ ನೋಡಿದ.

ಹಣಮಂತಪ್ಪನ ಮುಖ ಬಿಚ್ಚಿಕೊಂಡ ರೀತಿಯನ್ನು ಅವಳು ನೋಡಬಾರದಿತ್ತು. "ಖರೆ ಏನ್ರಿ? ಕೇಳ್ದೇನು," ಎಂದು ಹೆಂಡತಿಯ ಕಡೆ ತಿರುಗಿದ, "ಮಶೀನೇ ಕೆಟ್ಟಿತ್ತಂತ!" ಮತ್ತೆ ಉಮೇರನ ತೋಳು ಹಿಡಿದ. "ತಮ್ಮಾ, ಇದನ್ನ ಅದರಾಗ ತುಂಬು. ಅಕ್ಕಾರು ತಮ್ಮ ಬಾಯ್ಲೇ ಹೇಳ್ಲಿ. ನಾ ಹೇಳಿದ್ರ ಅಣ್ಣ ನಂಬಂಗಿಲ್ಲ. ನನ್ನ ಫೋನಿಗಿ ಕಳ್ಸು, ಅಂವಗ ತೋರಿಸ್ತೇನಿ."

"ಮಶೀನ್ ಕೆಡ್ತದಂತ, ಇಷ್ಟು ದಿನಕ್ಕ ಹೇಳ್ಳಿಕ್ಕ ಬಂದ್ರು," ಎಂದಳು ಅಂಜನಾಬಾಯಿ. ದನಿಯಲ್ಲಿ ಮೊದಲಿನ ಮೊನೆ ಇರಲಿಲ್ಲ.

ಉಮೇರ ಫೋನನ್ನು ಆಮ್ರಪಾಲಿಯ ಕಡೆ ತಿರುಗಿಸಿದ. ಆ ಸಣ್ಣ ಕರಿ ಕಣ್ಣಿನ ಹಿಂದೆ ಅವನ ಮುಖ ಕಾಣುತ್ತಿರಲಿಲ್ಲ. ಯಂತ್ರ ಒಂದು ಕ್ಷಣವೂ ಕೆಟ್ಟಿರಲಿಲ್ಲ ಎಂದು ಗೊತ್ತಿದ್ದವನು ಅವನು. ಅದರ ರೆಕ್ಕೆಗಳನ್ನು ದಿನಾ ತನ್ನ ಕರ್ಚೀಫಿನಿಂದ ಒರೆಸುವವನು. "ಹೇಳ್ರಿ ಮೇಡಂ," ಎಂದ, ಮೆಲ್ಲಗೆ.

"ನಾನು ಆಮ್ರಪಾಲಿ," ಎಂದಳು. ಮುಂದಿನ ವಾಕ್ಯ ಸಿದ್ಧವಿತ್ತು, ತಾಂತ್ರಿಕ ತೊಂದರೆಯಿಂದಾಗಿ ಎಂದು ಶುರುವಾಗುವಂಥದ್ದು. ವರದಿಗಳಲ್ಲಿ ಅದನ್ನು ಎಷ್ಟು ಸಲ ಬರೆದಿದ್ದಳೋ. ಮರಿ ಒದರಿತು. "ಅವತ್ತು ಮಶೀನ್ ಕೆಟ್ಟಿದ್ದಿಲ್ಲ. ಈಗ ನಾ ಸುಳ್ಳು ಹೇಳ್ದೆ. ಸಾಲಿ ಮೈದಾನದಿಂದ ಅದನ್ನ ನಾನೇ ತೆಗೆಸಿ ಒಯ್ದೆ. ಇವರ ಫೋನ್ ಬಂದ್ ಆಗಿದ್ದು ನನಗ ಕಂಡಿತ್ತು. ಕಂಡೂ ಬಿಟ್ಟೆ. ಇವರು ಮರಿ ಹಿಂದ ಹೋಗಿದ್ರೂ ಅಷ್ಟೇ, ಹೋಗದಿದ್ರೂ ಅಷ್ಟೇ. ಆ ಜಾಗಾದಾಗ ಸಂಜೀತನ ಏನೂ ಇದ್ದಿದ್ದಿಲ್ಲ."

ಹಣಮಂತಪ್ಪ ಅರ್ಥವಾಗದವನಂತೆ ಅವಳನ್ನೇ ನೋಡುತ್ತಿದ್ದ. "ಎಲ್ಲಿಗಿ ಒಯ್ದಿದ್ರಿ?" ಎಂದ.

ಕೇರಿಗೆ ಎನ್ನಬಹುದಿತ್ತು. ಯಾವಾಗಲೂ ಕಡೆಗೇ ಮುಟ್ಟುವ ಜನರಿಗೆ ಒಮ್ಮೆ ಮೊದಲು ಮುಟ್ಟಲಿ ಎಂದು ಒಯ್ದೆ ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಆ ದೊಡ್ಡ ಮಾತಿಗೆ ಒಂದಿಡೀ ಓಣಿಯನ್ನು ಈ ಅಂಗಳಕ್ಕೆ ಎಳೆದು ತಂದು, ತನ್ನ ಮುಂದೆ ನಿಲ್ಲಿಸಿಕೊಂಡು, ತಾನು ಹಿಂದೆ ನಿಂತಂತಾಗುತ್ತಿತ್ತು.

"ನಮ್ಮವ್ವನ ಹತ್ತಿರ," ಎಂದಳು.

"ಅವ್ರಿಗೂ ಜಡ್ಡಿತ್ತೇನ್ರಿ?" ಅವನ ದನಿಯಲ್ಲಿ ಒಂದು ಆಸೆಯಿತ್ತು. ಹೌದು ಎನ್ನಲಿ ಎಂಬ ಆಸೆ, ಅವಳ ಸಲುವಾಗಿ.

"ಇಲ್ಲ. ಆರಾಮಿದ್ಲು."

"ಮಾತಾಡಿದ್ರಾ?"

"ಮಾತಾಡಿದ್ಲು."

"ಏನಂದ್ರು?"

ಅವಳು ಈ ಪ್ರಶ್ನೆಗೆ ಸಿದ್ಧವಾಗಿರಲಿಲ್ಲ. ಬೈಗುಳಕ್ಕೆ, ಅಂಜನಾಬಾಯಿಯ ಕೂಗಿಗೆ, ಎದ್ದು ಹೋಗು ಎನ್ನುವುದಕ್ಕೆ ಸಿದ್ಧವಾಗಿದ್ದಳು. "ಹೆಸರು ಮಳೀಗಿ ನೆಂದು ಮೊಳಕಿ ಬಂದಾವ ಅಂದ್ಲು," ಎಂದಳು. ಅಷ್ಟಕ್ಕೇ ಮುಗಿಯಲಿಲ್ಲ, ಪೂರ್ತಿ ಹೇಳಬೇಕಿತ್ತು. "ಉಸುಳಿ ಮಾಡೀನಿ, ಬಂದು ಉಂಡು ಹೋಗು ಅಂದ್ಲು."

ಹಣಮಂತಪ್ಪ ತಲೆಯಾಡಿಸಿದ. ಬೇವಿನ ಗಿಡದ ಕೆಳಗೆ ಅವಳ ಮಾತಿಗೆ ಆಡಿಸಿದ್ದಂತೆಯೇ, ಪಾಠ ಕೇಳಿಸಿಕೊಂಡವನ ಹಾಗೆ. ಅಂಜನಾಬಾಯಿ ಬಂದು ಆಮ್ರಪಾಲಿಯ ಮುಂದಿದ್ದ ಬಟ್ಟಲನ್ನು ಎತ್ತಿಕೊಂಡಳು. ಚಹಾ ಆರಿ ಕೆನೆ ಕಟ್ಟಿತ್ತು. ಅದನ್ನು ಅಂಗಳದ ಅಂಚಿಗೆ ಚೆಲ್ಲಿದಳು. ಬೇರೆ ತರುತ್ತಾಳೋ ಇಲ್ಲವೋ ಅವಳ ಬೆನ್ನು ನೋಡಿದರೆ ತಿಳಿಯುವಂತಿರಲಿಲ್ಲ.

"ರೆಕಾರ್ಡಿಂಗ್ ಅಳಸ್ಲೇನ್ರಿ ಮೇಡಂ?" ಎಂದ ಉಮೇರ, ಅವಳಿಗಷ್ಟೇ ಕೇಳುವಂತೆ. "ಸರ್ ನೋಡಿದ್ರ ಮುಗೀತು."

"ಬ್ಯಾಡ. ಅವರ ಫೋನಿಗೆ ಕಳಿಸು. ಈಗೇ."

ಹಣಮಂತಪ್ಪ ಎದ್ದ. ಅವಳನ್ನು ದಾಟಿ ಅಂಗಳದ ಮೂಲೆಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಗೂಟದ ಗಂಟು ಬಿಚ್ಚತೊಡಗಿದ. ಜಗ್ಗಿ ಜಗ್ಗಿ ಬಿಗಿಯಾಗಿದ್ದ ಗಂಟು ಬೇಗ ಬಿಚ್ಚಲಿಲ್ಲ, ಹಲ್ಲಿನಿಂದ ಕಚ್ಚಿದ. ಮರಿ ಹಟ್ಟಿಯ ಕಡೆ ಓಡದೆ ಅವನ ಮೊಣಕಾಲಿಗೆ ತಲೆ ಗುದ್ದತೊಡಗಿತು. ಅವನು ಅದರ ಮೈ ಮೇಲೆ ಕೈಯಿಟ್ಟ, ಮೊದಲು ಬೆರಳ ತುದಿ, ಆಮೇಲೆ ಇಡೀ ಅಂಗೈ. ಅವನ ಅಂಗಿಯ ಕಿಸೆಯಲ್ಲಿ ಫೋನು ಸದ್ದು ಮಾಡಿತು. ಅವನು ತೆಗೆದು ನೋಡಲಿಲ್ಲ. ಅಲ್ಲೇ, ಬಿಸಿಲಲ್ಲಿ, ಬೆನ್ನು ತಿರುಗಿಸಿ ಕೂತೇ ಇದ್ದ. ಆಮ್ರಪಾಲಿ ಎದ್ದು ನಿಂತಳು. ಹೋಗಬೇಕೋ ಇರಬೇಕೋ ಯಾರೂ ಹೇಳಲಿಲ್ಲ. ತಾನು ನಿಂತ ಜಾಗವನ್ನು ಬಿಟ್ಟು ಕದಲಲು ಅವಳಿಗೆ ಧೈರ್ಯವಾಗಲಿಲ್ಲ.